ಹೆರಾಲ್ಡ್ ಕಾರಿನ ಬಿಡಿಭಾಗಗಳನ್ನು ಬಿಟ್ಟದ್ದು

ನನ್ನ ಹತ್ತಿರ ಕಾರಿಲ್ಲ. ಮಾರಿ ವರ್ಷಗಳೇ ಆದವು. ಆದರೂ ಹೋದ ತಿಂಗಳವರೆಗೆ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಸುಮಾರು ಒಂದೂವರೆ ಕಾರು ಇತ್ತು. ಮೂಲೆಯಲ್ಲಿ ಗೇರ್‌ಬಾಕ್ಸು, ಗೋಡೆಗೆ ಒರಗಿದ ಬಾಗಿಲುಗಳು, ಮಂಚದ ಕೆಳಗೆ ಸೈಲೆನ್ಸರು, ಮಂಚದ ಮೇಲೆ ಕಾರ್ಬ್ಯುರೇಟರುಗಳು. ಎಲ್ಲವನ್ನೂ ತಂದು ಜೋಡಿಸಿದರೆ ಓಡುವ ಕಾರಾಗುತ್ತಿತ್ತೆಂದು ಹೇಳಲಾರೆ. ಓಡದ ಕಾರು ಮಾತ್ರ ಖಂಡಿತ ಆಗುತ್ತಿತ್ತು. ಓಡದ ಕಾರುಗಳ ಬಗ್ಗೆ ನನಗೆ ಒಳ್ಳೆಯ ಅನುಭವವಿರುವುದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಬಾಳೆಕಾಯಿ ವ್ಯಾಪಾರಿ. ಊರು ತಮಿಳುಸೀಮೆಯಲ್ಲಿ ಚಿನ್ನಮನೂರಿನ ಪಕ್ಕದ ಮಾರ್ಕಯನ್‌ಕೋಟ್ಟೈ. ಮೈಯಲ್ಲಿ ಕಸುವಿದ್ದಾಗ ಕಂಬಂ ಕಣಿವೆಯ ತೋಟ ತೋಟ ಸುತ್ತಿ, ಗೊನೆ ನೋಡಿ, ಮಾತು ಕುದುರಿಸಿ, ಲಾರಿ ತುಂಬಿಸಿ ಮೈಸೂರಿಗೆ ಕಳಿಸುತ್ತಿದ್ದೆ. ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಗುಳೆ ಬಂದವರು ಹೊತ್ತು ತಂದ ಕನ್ನಡ ಅದು. ತಮಿಳಿನ ಎಲೆಯಲ್ಲೇ ಉಂಡು ಬೆಳೆದದ್ದು. ಅದಕ್ಕೆ ಅಕ್ಷರವಿಲ್ಲ. ಅಕ್ಷರವನ್ನು ನಾನು ಕಲಿತದ್ದು ಮೈಸೂರಿನ ಮಂಡಿಯಲ್ಲಿ, ಲೋಡು ಇಳಿಯುವವರೆಗೆ ಕಾದು ಕೂತಾಗ, ಹಣ್ಣಿಗೆ ಸುತ್ತುವ ಹಳೆಯ ಪತ್ರಿಕೆಗಳಿಂದ. ಹೀಗಾಗಿ ನಾನು ಬರೆಯುವ ಕನ್ನಡ ಪತ್ರಿಕೆಯದು, ಆಡುವ ಕನ್ನಡ ನಮ್ಮಜ್ಜಿಯದು. ಎರಡೂ ದಾರಿಯಲ್ಲಿ ಎದುರಾದರೆ ಒಂದರ ಗುರುತು ಇನ್ನೊಂದಕ್ಕೆ ಹತ್ತಲಿಕ್ಕಿಲ್ಲ.

ಮೊದಲು ಕೊಂಡದ್ದು ಅಂಬಾಸಿಡರ್. ಅದರ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಹೇಳಿದ ಮಾತು ಕೇಳುತ್ತಿತ್ತು. ಮಾತು ಕೇಳುವವರ ಕಥೆ ಯಾವತ್ತೂ ಚಿಕ್ಕದು. ಆಮೇಲೆ, ಬುದ್ಧಿ ಬಲಿಯಬೇಕಾದ ವಯಸ್ಸಿನಲ್ಲಿ, ದಿಂಡುಗಲ್ಲಿನಲ್ಲಿ ಬೀಗದ ವ್ಯಾಪಾರ ಮಾಡುತ್ತಿದ್ದ ಒಬ್ಬರ ಶೆಡ್ಡಿನಲ್ಲಿ ಒಂದು ಹೆರಾಲ್ಡ್ ಕಂಡೆ. ಮದರಾಸಿನಲ್ಲಿ ತಯಾರಾದ ಸಣ್ಣ ಕಾರು. ಹಾಲಿಗೆ ಹನಿ ಕಾಫಿ ಬಿದ್ದ ಬಣ್ಣ. ಅದರ ಬಾನೆಟ್ಟು ಬೇರೆ ಕಾರುಗಳ ಹಾಗೆ ಪೆಟ್ಟಿಗೆಯ ಮುಚ್ಚಳದಂತೆ ತೆರೆಯುವುದಿಲ್ಲ. ಮುಂದಿನ ಇಡೀ ಮೈಯೇ, ದೀಪ ಮಡ್‌ಗಾರ್ಡುಗಳ ಸಮೇತ, ಮುಂದಕ್ಕೆ ಬಾಗಿ ಎದ್ದು ನಿಲ್ಲುತ್ತದೆ. ಎಂಜಿನ್ನು ಪೂರ್ತಿ ಬೆತ್ತಲೆ. ಮುಂದಿನ ಟೈರಿನ ಮೇಲೆ ಕುರ್ಚಿಯಂತೆ ಕೂತು ರಿಪೇರಿ ಮಾಡಬಹುದು. ಇಷ್ಟು ಅನುಕೂಲ ಮಾಡಿಟ್ಟವರು ಯಾಕೆ ಮಾಡಿಟ್ಟರು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕೊಂಡುಕೊಂಡೆ.

ಹೆರಾಲ್ಡ್ ಬಂದ ಮೇಲೆಯೇ ಕೋಣೆ ತುಂಬತೊಡಗಿದ್ದು. ಕಾರು ಕುಮಳಿಯ ಘಟ್ಟದಲ್ಲಿ ನಿಂತರೆ ಅಲ್ಲಿ ಕೆಟ್ಟ ಭಾಗವನ್ನು ಎರಡು ತರುತ್ತಿದ್ದೆ, ಒಂದು ಹಾಕಲು, ಇನ್ನೊಂದು ಇಡಲು. ಯಾರಾದರೂ ಹಳೆ ಹೆರಾಲ್ಡನ್ನು ಒಡೆಯುತ್ತಿದ್ದಾರೆಂದು ಕೇಳಿದರೆ ಸಾಕು, ದಿಂಡುಗಲ್ಲಾದರೂ ಸರಿ, ಮಧುರೆಯಾದರೂ ಸರಿ, ಸಾವಿನ ಮನೆಗೆ ಓಡುವ ನೆಂಟನ ಹಾಗೆ ಓಡುತ್ತಿದ್ದೆ. ಜನ ಬಂಗಾರ ಕೂಡಿಡುವುದು ನಾಳೆಯ ಸುಖಕ್ಕೆ. ನಾನು ಕೂಡಿಟ್ಟದ್ದೆಲ್ಲ ನಾಳೆಯ ಭಯ. ಇದು ಗೇರ್ ಕೈಕೊಡುವ ಭಯ, ಇದು ಪಂಪು ಕೈಕೊಡುವ ಭಯ, ಇದು ಗಾಜು ಒಡೆಯುವ ಭಯ, ಎಂದು ಒಂದೊಂದಕ್ಕೂ ಎಣ್ಣೆ ಸವರಿ ಗೋಣಿ ಹೊದಿಸಿ ಮಲಗಿಸಿದ್ದೆ.

ನನ್ನ ಹೆಂಡತಿ ನಾಗಮ್ಮಾಳ್ ಈ ಭಯಗಳನ್ನು ಸಂಸಾರಕ್ಕೆ ಬಳಸಿಕೊಳ್ಳಲು ನೋಡಿದಳು. ಮುಂದಿನ ಗಾಜನ್ನು ಮಹಡಿಯ ಬಿಸಿಲಿಗೆ ಹೊತ್ತೊಯ್ದು ಅದರ ಕೆಳಗೆ ಸಂಡಿಗೆ ಒಣಗಿಸಿದಳು. ಕಾಗೆಗಳು ಗಾಜಿನ ಮೇಲೆ ನಿಂತು ಒಳಗಿನ ಸಂಡಿಗೆಯನ್ನು ನೋಡಿ ನೋಡಿ ಹಾರಿಹೋಗುತ್ತಿದ್ದವು. ಚಕ್ರದ ತಟ್ಟೆಯಲ್ಲಿ ಕೋಳಿಗೆ ನುಚ್ಚು ಹಾಕಿದಳು. ಹಿಂದಿನ ಸ್ಪ್ರಿಂಗ್ ಪಟ್ಟಿಯೊಂದನ್ನು ಕಮ್ಮಾರನಿಗೆ ಕೊಟ್ಟು ಬಾಳೆ ಕಡಿಯುವ ಕತ್ತಿ ಮಾಡಿಸಿದಳು. ಕಾರಿನ ಅಡಿಯಲ್ಲಿ ಒಂದು ದಿನವೂ ನೆಟ್ಟಗೆ ಕೆಲಸ ಮಾಡದ ಆ ಸ್ಪ್ರಿಂಗು ಕತ್ತಿಯಾಗಿ ಎಷ್ಟು ನಿಯತ್ತಿನಿಂದ ದುಡಿಯಿತೆಂದರೆ, ತಪ್ಪು ಕಾರಿನದೋ ಡ್ರೈವರಿನದೋ ಎಂದು ಮನೆಯಲ್ಲಿ ಚರ್ಚೆಯಾಯಿತು.

ನಾಗಮ್ಮಾಳಿಗೆ ಹೆರಾಲ್ಡಿನ ಮೇಲೆ ಸಿಟ್ಟಿರಲು ಕಾರಣವಿತ್ತು. ಮಗಳು ಹುಟ್ಟುವ ದಿನ ಅವಳನ್ನು ಅದರಲ್ಲೇ ತೇಣಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆ. ವೀರಪಾಂಡಿ ದಾಟುವ ಮುಂಚೆ ಕಾರು ಎರಡು ಸಲ ಕೆಮ್ಮಿ ನಿಂತಿತು. ನಾನು ಬಾನೆಟ್ಟು ಎತ್ತಿ ಟೈರಿನ ಮೇಲೆ ಕೂತೆ. ಅಷ್ಟರಲ್ಲಿ ಹಿಂದಿನಿಂದ ತೇಣಿಯ ಬಸ್ಸು ಬಂತು. ನಾಗಮ್ಮಾಳ್ ತಾನೇ ಇಳಿದು, ರಸ್ತೆಗೆ ಅಡ್ಡ ಕೈ ಹಿಡಿದು ಬಸ್ಸು ನಿಲ್ಲಿಸಿ, ನನ್ನ ಕಡೆ ತಿರುಗಿ ಹೇಳಿದಳು:

"ನೀವು ಬಂಡಿ ಸರಿ ಮಾಡ್ಕಂಡು ಮೆಲ್ಲುಗೆ ಬನ್ನಿ. ನಾ ಮುಂದೋಗಿ ಹೆತ್ತಿರ್ತೀನಿ."

ನಾನೂ ಓಡಿ ಬಸ್ಸು ಹತ್ತಿದೆ. ಕಾರು ಅಲ್ಲೇ ಬಾಯಿ ತೆರೆದುಕೊಂಡು ನಿಂತಿತ್ತು. ಮಗಳು ಕವಿತಾ ಆಸ್ಪತ್ರೆಯಲ್ಲೇ, ಎಲ್ಲ ಕ್ರಮವಾಗಿ, ಹುಟ್ಟಿದಳು. ಆದರೆ ಬಸ್ಸಿನ ಕಿಟಕಿಯಿಂದ ನಾನು ತಿರುಗಿ ತಿರುಗಿ ಕಾರನ್ನೇ ನೋಡುತ್ತಿದ್ದೆನೆಂದು ನಾಗಮ್ಮಾಳ್ ಇಂದಿಗೂ ಹೇಳುತ್ತಾಳೆ. ಬೀಗ ಹಾಕಿಲ್ಲವಲ್ಲ ಎಂದು ನೋಡುತ್ತಿದ್ದೆ ಎನ್ನುವುದು ನನ್ನ ವಾದ. ಈ ವ್ಯಾಜ್ಯ ಇನ್ನೂ ತೀರಿಲ್ಲ.

ಕ್ಲಚ್ಚು ಒತ್ತಿ ಒತ್ತಿ ಎಡಗಾಲು ಸೋತ ವರ್ಷ ಹೆರಾಲ್ಡನ್ನು ಕೊಯಮತ್ತೂರಿನ ಯುವಕನೊಬ್ಬನಿಗೆ ಕೊಟ್ಟೆ. ಅವನು ಕಾರನ್ನು ಮಾತ್ರ ಒಯ್ದ. ಬಿಡಿಭಾಗ ಬೇಡವೆಂದ, ಹೊಸತೇ ಸಿಗುತ್ತದಂತೆ, ಸಮುದ್ರದಾಚೆಯಿಂದ ಪಾರ್ಸಲ್ಲಿನಲ್ಲಿ ಬರುತ್ತದಂತೆ. ಕಾರು ಹೋಯಿತು, ಭಯಗಳು ಎಣ್ಣೆ ಸವರಿಕೊಂಡು ಇಲ್ಲೇ ಉಳಿದವು.

ಇಲ್ಲಿ ಒಂದು ಮಾತಿನ ಗುಂಗು ಹೇಳಿ ಮುಂದೆ ಹೋಗುತ್ತೇನೆ. ತಮಿಳಿನಲ್ಲಿ ಇವಕ್ಕೆ 'ಉದಿರಿ ಭಾಗಂ' ಎನ್ನುತ್ತಾರೆ. ದಾರಕ್ಕೆ ಪೋಣಿಸದ ಹೂವೂ ಅವರಿಗೆ ಉದಿರಿ ಹೂವೇ. ನಮ್ಮ 'ಉದುರು' ಇದೆಯಲ್ಲ, ಅದರ ಅಕ್ಕನೋ ತಂಗಿಯೋ ಇರಬೇಕು. ಕಾರಿನಿಂದ ಉದುರಿದ್ದು ಎಂದು ತಮಿಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಕನ್ನಡ ಪತ್ರಿಕೆಗಳು 'ಬಿಡಿಭಾಗ' ಎಂದು ಬರೆಯುತ್ತವೆ. ಮೊದಲ ಸಲ ಓದಿದಾಗ, ಇದೇನು, ಭಾಗದ ಹೆಸರಿನಲ್ಲೇ 'ಬಿಡಿ' ಎಂದು ಮರ್ಯಾದೆಯಾಗಿ ಬುದ್ಧಿ ಹೇಳುತ್ತಿದ್ದಾರಲ್ಲ ಎನಿಸಿತ್ತು. ಬುದ್ಧಿಮಾತು ಕೇಳುವವನಾಗಿದ್ದರೆ ನಾನು ಎರಡನೇ ಕಾರನ್ನೇ ಕೊಳ್ಳುತ್ತಿರಲಿಲ್ಲ.

ಬಿಡುವ ಕಾಲವನ್ನು ತಂದದ್ದು ನಾಗಮ್ಮಾಳ ಮೊಣಕಾಲು. ಮಧುರೆಯಲ್ಲಿ ಆಪರೇಷನ್ ಆಗಿ, ದಿಂಡುಗಲ್ಲಿನಲ್ಲಿ ಮಗಳ ಮನೆಯಲ್ಲಿ ಇದ್ದುಕೊಂಡು ನಡೆಯುವುದನ್ನು ಮತ್ತೆ ಕಲಿಯುತ್ತಿದ್ದಳು. ನಾವು ಮಲಗುವುದು ಮಹಡಿಯ ಮೇಲೆ. ಇನ್ನು ಅವಳು ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿಬಿಟ್ಟರು. ಕೆಳಗೆ ಇರುವುದು ಅದೊಂದೇ ಕೋಣೆ. ಫೋನಿನಲ್ಲಿ ನಾಗಮ್ಮಾಳ್ ಜಗಳವಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. 'ರೀ' ಎನ್ನುವ ಕಡೆ ಅವಳದು ತಮಿಳಿನ 'ಎನ್ನಂಗ'.

"ಎನ್ನಂಗ, ರೂಮು ಕಾಲಿ ಮಾಡೋಕೆ ನಿಮ್ಗೆ ಸಂಕ್ಟ ಆದ್ರೆ ಯೋಳಿಬುಡಿ. ನಾ ಇಲ್ಲೇ ಇರ್ತೀನಿ. ಮಗಳು ಬ್ಯಾಡ ಅನ್ನಾಕಿಲ್ಲ."

ಹಿಂದಿನಿಂದ ಕವಿತಾಳ ದನಿ ಕೇಳಿಸಿತು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. "ಪೋದುಂಪ್ಪಾ," ಎಂದಳು. ಸಾಕಪ್ಪ ಎಂದು. ಕೋಪವಿರಲಿಲ್ಲ, ದಣಿವಿತ್ತು. ಆ ದಣಿವು ನನ್ನದೇ ದಣಿವಿನ ಹಾಗೆ ಕೇಳಿಸಿತು. ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಗೇರ್‌ಬಾಕ್ಸನ್ನು ಕಾಲಿನಿಂದ ಸರಿಸಲು ನೋಡಿದೆ. ಅದು ಅಲುಗಲಿಲ್ಲ, ನನ್ನ ಸೊಂಟ ಅಲುಗಿತು.

ಮೊದಲು ಬಂದವನು ಕಂಬಂನ ಹಳೆ ಕಬ್ಬಿಣದ ವ್ಯಾಪಾರಿ. ಯಾವುದನ್ನೂ ಹೆಸರು ಹಿಡಿದು ಕರೆಯದೆ, ಎತ್ತಿ ಎತ್ತಿ ಭಾರ ನೋಡಿದ. ಅಂಬಾಸಿಡರಿನ ಕಾಲದಿಂದ ಉಳಿದಿದ್ದ ಒಂದೆರಡನ್ನು ಅವನಿಗೆ ಕೊಟ್ಟೆ, ಸಂಕಟವೇನೂ ಆಗಲಿಲ್ಲ. ಹೆರಾಲ್ಡಿನ ಗೋಣಿಗೆ ಕೈ ಹಾಕಿದಾಗ ಮಾತ್ರ, "ಅದಿರ್ಲಿ, ಆಮ್ಯಾಕೆ ನೋಡಾನ," ಎಂದೆ. ಅವನು ತಮಿಳಿನಲ್ಲಿ, ಆಮೇಲೆ ಎಂದವರ ಮನೆಗೆ ನಾನು ಅವರ ಮಕ್ಕಳ ಕಾಲದಲ್ಲಿ ಹೋಗುತ್ತೇನೆ, ಎಂದು ನಕ್ಕು ಹೋದ.

ಆಮೇಲೆ ಒಬ್ಬ ಹೋಟೆಲಿನವನು ಬಂದ. ಕೊಡೈಕನಾಲಿನ ದಾರಿಯಲ್ಲಿ ಹೊಸದಾಗಿ ಹೋಟೆಲು ಹಾಕುತ್ತಿದ್ದಾನಂತೆ, ಗೋಡೆಗೆ ತೂಗು ಹಾಕಲು ಹಳೇ ಕಾರಿನ ದೀಪ ಬೇಕಂತೆ. ಹೊಳೆಯುವುದನ್ನೆಲ್ಲ ಆರಿಸಿಕೊಂಡ. ದೀಪದ ಬಳೆಗಳು, ಬಾಗಿಲ ಹಿಡಿ, ಮುಂದಿನ ಬಿಲ್ಲೆ. ಹತ್ತು ವರ್ಷದ ಹಿಂದಾಗಿದ್ದರೆ ಅವನಿಗೆ ಕಾಫಿಯನ್ನೂ ಕೊಡದೆ ಕಳಿಸುತ್ತಿದ್ದೆ. ಈಗ ಅವಮಾನಪಡುವುದಕ್ಕೂ ತ್ರಾಣ ಬೇಕು. ಒಯ್ಯಪ್ಪ ಎಂದೆ. ಉಳಿದದ್ದು ಕಪ್ಪಗಿದ್ದದ್ದು, ಭಾರವಾಗಿದ್ದದ್ದು, ಯಾರೂ ಗೋಡೆಗೆ ತೂಗು ಹಾಕದಂಥದ್ದು.

ಅದನ್ನು ಕೇಳಿಕೊಂಡು ಬಂದವಳು ಅರಸಿ. ಬತ್ತಲಗುಂಡಿನಲ್ಲಿ ತರಕಾರಿ ಮಂಡಿ ನಡೆಸುವ ಹೆಂಗಸು, ಐವತ್ತು ದಾಟಿರಬೇಕು, ಕಿವಿಯ ಮೇಲೆ ನರೆ. ಬೀದಿಯ ತಿರುವಿನಲ್ಲೇ ನನಗೆ ಸದ್ದಿನ ಗುರುತು ಹತ್ತಿತು. ಹೊರಗೆ ಬಂದು ನೋಡಿದರೆ ಹಸಿರು ಹೆರಾಲ್ಡ್, ಹಿಂದಿನ ಸೀಟಿನಲ್ಲಿ ಖಾಲಿ ತರಕಾರಿ ಚೀಲಗಳು. ಅವಳ ಅಪ್ಪನ ಕಾರಂತೆ. ಅಪ್ಪ ತೀರಿಹೋದ ಮೇಲೆ ಇವಳೇ ಓಡಿಸುತ್ತಿದ್ದಾಳೆ. ಎರಡನೇ ಗೇರು ಹಾಕಿದರೆ ಹಾರಿಬೀಳುತ್ತದೆ, ಹಲ್ಲು ಸವೆದಿದೆ, ಎಲ್ಲೂ ಸಿಗುತ್ತಿಲ್ಲ. ಇದನ್ನೆಲ್ಲ ತಮಿಳಿನಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ನಾಗಮ್ಮಾಳ ಫೋನು ಬಂತು. ನಾನು "ಆಯ್ತಾ ಬಂತು, ಇವತ್ತು ಎಲ್ಲಾ ಒಂಟೋಗ್ತದೆ," ಎಂದು ಹೇಳಿ ಮುಗಿಸುವುದರೊಳಗೆ ಅರಸಿ ತಮಿಳು ಬಿಟ್ಟು ನಮ್ಮ ಕನ್ನಡಕ್ಕೆ ಬಂದಳು.

"ನೀವು ನಮ್ಮೋರಾ? ಮೊದ್ಲೇ ಯೋಳಬಾರ್ದಾ?"

ಆಮೇಲೆ ಕಾರಿನ ಮಾತು ನಿಂತು ಕುಲದ ಮಾತು ಶುರುವಾಯಿತು. ನಿಮ್ಮದು ಯಾವ ಕುಲ, ಹೆಣ್ಣು ಕೊಟ್ಟದ್ದೆಲ್ಲಿ, ತಂದದ್ದೆಲ್ಲಿ ಎಂದು ಕೇಳಿ ಕೇಳಿ, ನಮ್ಮ ಎರಡೂ ಮನೆಗಳ ನೆಂಟಸ್ತಿಕೆಯ ಎಳೆ ಹಿಡಿದಳು. ಹಿಡಿದು, ಕಡೆಗೆ ತೀರ್ಪು ಕೊಟ್ಟಳು: "ಮುರೈ ನೋಡಿದ್ರೆ ನೀವು ನಂಗೆ ತಾತ ಆಗ್ಬೇಕು." ನನಗಿಂತ ಹದಿನೈದು ವರ್ಷವಷ್ಟೇ ಚಿಕ್ಕವಳ ಬಾಯಲ್ಲಿ ತಾತ ಎನಿಸಿಕೊಳ್ಳುವುದು ಸುಲಭವಲ್ಲ. ಮುರೈ, ಅಂದರೆ ನೆಂಟಸ್ತಿಕೆಯ ವರಸೆ, ಎಂದ ಮೇಲೆ ಮೇಲ್ಮನವಿಯಿಲ್ಲ. ಒಪ್ಪಿಕೊಂಡೆ.

ಅರಸಿ ಗೋಣಿಗಳನ್ನೆಲ್ಲ ಬಿಚ್ಚಿಸಿ, ಗೇರ್‌ಬಾಕ್ಸಿನ ಮೇಲೆ ಕೈಯಿಟ್ಟು ಕೂತಳು. ಆಮೇಲೆ, ಇರುವುದೆಲ್ಲ ತನಗೇ ಬೇಕೆಂದಳು. ಎದುರುಮನೆಯಲ್ಲಿ ಬಾಳೆ ಲೋಡು ಮಾಡುತ್ತಿದ್ದವರು ಬಂದು ಹೊತ್ತರು. ಹಿಂದಿನ ಸೀಟು ತುಂಬಿತು, ಡಿಕ್ಕಿ ತುಂಬಿತು, ಕಾರು ಹಿಂದಕ್ಕೆ ಕುಳಿತಿತು. ನನಗೆ ಏನೋ ಆಗಬೇಕಿತ್ತು. ಅಳು ಬರಬಹುದೆಂದು ಒಳಗೊಳಗೇ ಸಿದ್ಧವಾಗಿದ್ದೆ. ಬಂದದ್ದು ಆಕಳಿಕೆ.

"ತಾತ, ಬತ್ತಲಗುಂಡುವರ್ಗು ಒಂದ್ ಕಿತ ಬಂದು ಕೂತು ನೋಡಿ. ಅಡೀಲಿ ಒಂದು ಶಬ್ದ ಬತ್ತದೆ. ನಮ್ಮಪ್ಪ ಇದ್ದಿದ್ರೆ ಯೋಳೋರು ಏನು ಅಂತ. ಬತ್ತಾ ನಿಮ್ನ ಬಸ್ಸು ಹತ್ತಿಸ್ತೀನಿ."

ಒಲ್ಲೆ ಎನ್ನಬೇಕೆಂದಿದ್ದೆ. ನಮ್ಮಪ್ಪ ಇದ್ದಿದ್ರೆ ಎಂದವರಿಗೆ ಒಲ್ಲೆ ಎನ್ನಲಾಗುವುದಿಲ್ಲ. ಹೋಗಿ ಎಡಗಡೆಯ ಸೀಟಿನಲ್ಲಿ ಕೂತೆ. ಹೆರಾಲ್ಡಿನಲ್ಲಿ ನಾನು ಎಡಗಡೆ ಕೂತದ್ದು ಅದೇ ಮೊದಲು.

ತೇಣಿ ದಾಟಿತು, ಪೆರಿಯಕುಳಂ ದಾಟಿತು. ಶಬ್ದ ಬರುತ್ತಿತ್ತು, ಸೈಲೆನ್ಸರಿನ ಹಿಡಿ ಸಡಿಲವಾದದ್ದು, ಹೇಳಿದೆ. ದೇವದಾನಪಟ್ಟಿಯ ಹತ್ತಿರ, ಮಾವಿನ ತೋಪಿನ ಮಗ್ಗುಲಲ್ಲಿ, ಮಟಮಟ ಮಧ್ಯಾಹ್ನ, ಕಾರು ಎರಡು ಸಲ ಕೆಮ್ಮಿ ನಿಂತಿತು. ಬಿಸಿಲಿಗೆ ಪೆಟ್ರೋಲು ಪಂಪಿನಲ್ಲೇ ಹಬೆಯಾಗಿ ಕಟ್ಟಿಕೊಳ್ಳುವ ಹಳೆಯ ಕಾಯಿಲೆ. ಅಭ್ಯಾಸಬಲದಿಂದ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ.

"ಪಂಪಿನ ಮ್ಯಾಲೆ ಒದ್ದೆ ಬಟ್ಟೆ..."

"ಗೊತ್ತು ತಾತ," ಅರಸಿ ಆಗಲೇ ನೀರಿನ ಬಾಟಲು ಹಿಡಿದು ಇಳಿದಿದ್ದಳು. "ನೀವು ಕೂತ್ಕಳಿ."

ಹೊರಗಿಟ್ಟ ಕಾಲನ್ನು ಒಳಗೆಳೆದುಕೊಂಡೆ. ಅವಳು ಬಾನೆಟ್ಟು ಎತ್ತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಟೈರಿನ ಮೇಲೆ ಕೂತಳು. ಈ ಸೀಟಿನಿಂದ ಎಲ್ಲ ಕಾಣುತ್ತದೆ. ಮುಂದಿನ ಗಾಜಿನಾಚೆ ಎಂಜಿನ್ನು, ಎಂಜಿನ್ನಿನ ಪಕ್ಕ ಅವಳ ಮುಖ, ಸಿನಿಮಾ ಪರದೆಯ ಹಾಗೆ. ಒದ್ದೆ ಬಟ್ಟೆ ಸುತ್ತಿದಳು. ಕಾಯುತ್ತಾ ಕೂತಳು. ಕೂತವಳು ಪಂಪಿಗೆ ಏನೋ ಹೇಳಿದಳು, ಬೈದಳು, ಸ್ವಲ್ಪ ನಕ್ಕಳು, ಮಸಿ ಕೈಯಿಂದಲೇ ಹಣೆಯ ಕೂದಲು ಸರಿಸಿಕೊಂಡಳು. ಬಿಸಿಲು, ಮಂಡಿಯಲ್ಲಿ ಕಾದಿರುವ ಜನ, ಕಾರಿನೊಳಗೆ ಬೇಯುತ್ತಿರುವ ತಾತ, ಯಾವುದೂ ಅವಳ ಮುಖದಲ್ಲಿರಲಿಲ್ಲ. ಅಷ್ಟು ಸುಖವಾದ ಮುಖವನ್ನು ನಾನು ಈಚೆಗೆ ನೋಡಿರಲಿಲ್ಲ.

ಹಾಗಾದರೆ ನಾಗಮ್ಮಾಳ್ ಇಷ್ಟು ವರ್ಷ ಇಲ್ಲಿ ಕೂತು ನೋಡುತ್ತಿದ್ದದ್ದು ಇದನ್ನು. ಬೋಡಿಯ ದಾರಿಯಲ್ಲಿ, ಕುಮಳಿಯ ತಿರುವಿನಲ್ಲಿ, ತೊಡೆಯ ಮೇಲೆ ಮಗು ಮಲಗಿಸಿಕೊಂಡು, ಬೆವರೊರೆಸಿಕೊಳ್ಳುತ್ತಾ. ನಾನು ಎಂದೂ ಕಾಣದ ನನ್ನ ಮುಖ ಅವಳಿಗೆ ಬಾಯಿಪಾಠವಾಗಿರಬೇಕು. ಅದು ತನ್ನ ಕಡೆ ತಿರುಗಿದಾಗ ಹೇಗಿರುತ್ತಿತ್ತು ಎನ್ನುವುದನ್ನೂ ಹೋಲಿಸಿ ನೋಡಿರುತ್ತಾಳೆ. ಇದನ್ನು ಯೋಚಿಸುತ್ತಾ ಯೋಚಿಸುತ್ತಾ, ನಾಚಿಕೆ ಪಡಬೇಕಾದವನು, ಸೀಟಿಗೆ ತಲೆ ಒರಗಿಸಿ ಸ್ವಲ್ಪ ನಿದ್ದೆ ಮಾಡಿಬಿಟ್ಟೆ. ರಸ್ತೆಯಲ್ಲಿ ನಿಂತ ಕಾರಿನಲ್ಲಿ ನಿದ್ದೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎಚ್ಚರವಾದಾಗ ಕಾರು ಓಡುತ್ತಿತ್ತು.

ಬತ್ತಲಗುಂಡಿನಲ್ಲಿ ಅವಳ ಆಳುಗಳು ಗೇರ್‌ಬಾಕ್ಸನ್ನು ಆಲೂಗಡ್ಡೆ ಮೂಟೆಗಳ ನಡುವೆ ಇಳಿಸಿದರು. ಅದನ್ನು ಕೊನೆಯ ಸಲ ಮುಟ್ಟಿ ನೋಡಬೇಕೆನಿಸಲಿಲ್ಲ. ಬಸ್ಸು ಹತ್ತಿಸುವಾಗ ಅರಸಿ, "ಏನಾರ ಡೌಟ್ ಬಂದ್ರೆ ಫೋನ್ ಮಾಡ್ತೀನಿ ತಾತ," ಎಂದಳು. ಮಾಡಮ್ಮ ಎಂದೆ. ಈವರೆಗೆ ಮಾಡಿಲ್ಲ. ಕಾರು ಚೆನ್ನಾಗಿದೆ ಎಂದುಕೊಂಡಿದ್ದೇನೆ.

ಮಾರನೆಯ ದಿನ ಕೋಣೆಗೆ ಸುಣ್ಣ ಹೊಡೆಸಿದೆ. ಅದು ಒಣಗಿದ ಮೇಲೆ ಕವಿತಾ ಅಮ್ಮನನ್ನು ಕರೆದುಕೊಂಡು ಬಂದಳು. ನಾಗಮ್ಮಾಳ್ ವಾಕರ್ ಊರುತ್ತಾ ಹೊಸಿಲು ದಾಟಿ, ಮಂಚದ ಮೇಲೆ ಕೂತು, ನಾಲ್ಕೂ ಗೋಡೆ ನೋಡಿದಳು. ಒಂದು ಮೂಲೆಯಲ್ಲಿ ಎಣ್ಣೆಯ ಕಪ್ಪು ಕಲೆ ಸುಣ್ಣದ ಅಡಿಯಿಂದಲೂ ಇಣುಕುತ್ತಿತ್ತು. ಅದನ್ನೂ ನೋಡಿದಳು. ಕಿಟಕಿ ತೆರೆಯಲು ಹೇಳಿದಳು. ಆ ಕೋಣೆಗೆ ಕಿಟಕಿಯಿರುವುದು ನನಗೆ ಮರೆತೇ ಹೋಗಿತ್ತು, ಕಾರಿನ ಬಾಗಿಲುಗಳನ್ನು ಒರಗಿಸಿದ್ದು ಅದರ ಮುಂದೆಯೇ.

ಮಗಳು ಊಟ ಮಾಡಿ ಹೊರಟುಹೋದಳು. ನಾನು ಮಲಗಲು ಮಹಡಿಯ ಕಡೆ ಹೊರಟು, ಮೂರು ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತೆ. ಇನ್ನೂ ಎಷ್ಟು ಮೆಟ್ಟಿಲಿವೆ ಎಂದು ಮೇಲೆ ನೋಡಿದೆ. ಕೆಳಗಿನ ಕೋಣೆಗೆ ಕಾರಿನ ಬಾಗಿಲು ಗಾಜುಗಳನ್ನು ಒಬ್ಬನೇ ಹೊತ್ತು ತಂದವನು ನಾನೇ ಹೌದೇ ಎನಿಸಿತು. ಕೆಳಗಿಳಿದು, ಹಜಾರದ ಚಾಪೆ ದಿಂಬು ಎತ್ತಿಕೊಂಡು ಹೋಗಿ, ಮಂಚದ ಪಕ್ಕ ನೆಲದಲ್ಲಿ ಹಾಸಿದೆ.

ನಾಗಮ್ಮಾಳ್ ತಲೆ ತಿರುಗಿಸಿ ನೋಡಿದಳು.

"ಯಾಕೆ, ಮ್ಯಾಲೆ ಓಗಾಕಿಲ್ವಾ?"

"ಕಾಲು ನೋಯ್ತದೆ."

"ಯಾವತ್ತಿಂದ?"

"ಗೊತ್ತಿಲ್ಲ. ಇವತ್ತು ತಾನೆ ನೋಡ್ದೆ."

ಅವಳು ಮಂಚದ ಮೇಲಿನಿಂದ ತನ್ನ ನೋವಿನೆಣ್ಣೆಯ ಸೀಸೆಯನ್ನು ಕೆಳಕ್ಕೆ ಚಾಚಿದಳು. ತೆಗೆದುಕೊಂಡು ಮೊಣಕಾಲಿಗೆ ಸವರಿದೆ. ಕೋಣೆಯಲ್ಲಿ ಇಬ್ಬರಿಗೂ ಧಾರಾಳ ಜಾಗವಿತ್ತು.